ತೊಟ್ಟು ಮುರಿದ ಸಿದ್ಧಾಂತ

ಸರಾಸರಿ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹವಾಮಾನದವರು ಸರಾಸರಿ ಮಳೆ ಎಂದರೂ ಅಷ್ಟೇ, ಪಕ್ಕದ ಮನೆಯಾಕೆ ತನ್ನ ಮಗನ ಮಾರ್ಕಿನ ಸರಾಸರಿ ಹೇಳಿದರೂ ಅಷ್ಟೇ. ನನ್ನ ಒಳ್ಳೆಯ ವಯಸ್ಸಿನ ಕೆಲವು ವರ್ಷಗಳನ್ನು ಆ ಮಾತು ನುಂಗಿ ನೀರು ಕುಡಿದಿದೆ. ಇವಳಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ನನ್ನನ್ನು ಬಲ್ಲವರು ಹೇಳುತ್ತಾರೆ. ಇರಬಹುದು. ಆದರೆ ಈ ಒಂದು ಕೋಪಕ್ಕೆ ಕಾರಣವಿದೆ, ಅದನ್ನು ಹೇಳಿಯೇ ತೀರುತ್ತೇನೆ.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಭದ್ರಾವತಿಯ ಒಂದು ಖಾಸಗಿ ಕಾಲೇಜಿನಲ್ಲಿ ಬೆಳಗಿನ ಹೊತ್ತು ಭೌತಶಾಸ್ತ್ರ ಪಾಠ ಹೇಳುತ್ತಿದ್ದೆ. ಮಧ್ಯಾಹ್ನ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ, ಅಲ್ಲಿನ ಇನ್ನೊಂದು ಕಾಲೇಜಿನ ಲ್ಯಾಬಿನಲ್ಲಿ ಪಿಎಚ್.ಡಿ. ಕೆಲಸ ಮಾಡುತ್ತಿದ್ದೆ. ಅಪ್ಪ ಕಾರ್ಖಾನೆಯಲ್ಲಿದ್ದಾಗಲೇ ತೀರಿಕೊಂಡಿದ್ದರು. ವಠಾರದ ಎರಡು ಕೋಣೆಯ ಮನೆಯಲ್ಲಿ ಅಮ್ಮ ಮತ್ತು ನಾನು. ಅಮ್ಮನಿಗೆ ಕನ್ನಡ ಬರುತ್ತಿತ್ತು, ವಠಾರದ ಹೆಂಗಸರಿಂದ ಕಲಿತ ಒಂದಿಷ್ಟು ತಮಿಳು ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಮಗಳು ಏನು ಓದ್ತಿದಾಳೆ ಎಂದು ಯಾರಾದರೂ ಕೇಳಿದರೆ "ಅದೇನೋ ಬಿಸಿ ಮಾಡಿ ಮಾಡಿ ನೋಡ್ತಾಳೆ" ಎನ್ನುತ್ತಿದ್ದಳು. ಅದಕ್ಕಿಂತ ಸರಿಯಾದ ವಿವರಣೆಯನ್ನು ನಮ್ಮ ವಿಭಾಗದಲ್ಲಿ ಯಾರೂ ಕೊಟ್ಟಿದ್ದು ನಾನು ಕೇಳಿಲ್ಲ.

ನಾವು ಬಿಸಿ ಮಾಡುತ್ತಿದ್ದದ್ದು ದ್ರವಸ್ಫಟಿಕ ಎಂಬ ವಸ್ತುವನ್ನು. ಕೈಗಡಿಯಾರದಲ್ಲಿ, ಕ್ಯಾಲ್ಕುಲೇಟರಿನಲ್ಲಿ ಕಪ್ಪು ಅಂಕಿ ಮೂಡಿಸುವುದು ಇದೇ ಜಾತಿಯ ವಸ್ತು. ನೀರು ಮಜ್ಜಿಗೆಯ ಹಾಗೆ ಮಬ್ಬಾಗಿರುತ್ತದೆ, ಹರಿಯುತ್ತದೆ. ಆದರೆ ಅದರೊಳಗಿನ ಉದ್ದುದ್ದ ಅಣುಗಳು ಹರಿದಾಡುತ್ತಲೇ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ತಲೆ ಹಾಕಿಕೊಂಡಿರುತ್ತವೆ. ಬಿಸಿ ಮಾಡುತ್ತ ಹೋದರೆ ಒಂದು ಉಷ್ಣತೆಯಲ್ಲಿ ಆ ಶಿಸ್ತು ತಟ್ಟನೆ ಮುರಿದು ಬೀಳುತ್ತದೆ, ಮಬ್ಬು ಹೋಗಿ ತಿಳಿಯಾಗುತ್ತದೆ. ಮಂಜುಗಡ್ಡೆ ನೀರಾಗುವುದು, ನೀರು ಆವಿಯಾಗುವುದು, ಇದು, ಎಲ್ಲ ಒಂದೇ ಕುಲ. ಸ್ಥಿತಿ ಬದಲಾವಣೆ ಎಂದು ಪುಸ್ತಕದಲ್ಲಿ ಕರೆಯುತ್ತಾರೆ. ಅದು ಹೇಗೆ ಆಗುತ್ತದೆ ಎಂದು ಹೇಳಲು ಹಲವು ಸಿದ್ಧಾಂತಗಳಿವೆ. ನಮ್ಮ ಗೈಡ್ ಕಟ್ಟಿಕೊಂಡಿದ್ದು ಒಂದನ್ನೇ, ಅದೂ ಕಟ್ಟಿಕೊಂಡ ಹೆಂಡತಿಯ ಹಾಗೆ.

ಅದರ ಹೆಸರು ಸರಾಸರಿ ಕ್ಷೇತ್ರದ ಸಿದ್ಧಾಂತ. ಅದು ಹೇಳುವುದು ಇಷ್ಟು. ಪ್ರತಿಯೊಂದು ಅಣುವೂ ತನ್ನ ಪಕ್ಕದ ಅಣು ಯಾವ ಕಡೆ ತಿರುಗಿದೆ ಎಂದು ನೋಡುವುದಿಲ್ಲ. ಇಡೀ ಗುಂಪಿನ ಸರಾಸರಿ ಎಷ್ಟೋ ಅಷ್ಟನ್ನು ಮಾತ್ರ ನೋಡಿ ತಾನೂ ಹಾಗೇ ತಿರುಗುತ್ತದೆ. ಅಕ್ಕಪಕ್ಕದವರ ಗೊಡವೆಯೇ ಇಲ್ಲ. ಹೀಗೆ ಅಂದುಕೊಂಡರೆ ಲೆಕ್ಕ ಸುಲಭವಾಗುತ್ತದೆ, ಒಂದು ಚೆಂದದ ಗೆರೆ ಸಿಗುತ್ತದೆ. ಉಷ್ಣತೆ ಏರಿದ ಹಾಗೆ ಶಿಸ್ತು ಇಳಿಯುತ್ತ ಇಳಿಯುತ್ತ, ಎಲ್ಲ ವಸ್ತುಗಳಲ್ಲೂ ಒಂದೇ ಮಟ್ಟಕ್ಕೆ ಬಂದು, ಅಲ್ಲಿಂದ ಧೊಪ್ಪನೆ ಸೊನ್ನೆಗೆ ಬೀಳುತ್ತದೆ. ಎಲ್ಲ ವಸ್ತುಗಳಲ್ಲೂ ಒಂದೇ ಮಟ್ಟವಂತೆ! ಒಂದೇ ತಾಯಿ ಹೊಟ್ಟೆಯ ಇಬ್ಬರು ಮಕ್ಕಳಿಗೆ ಜ್ವರ ಒಂದೇ ಮಟ್ಟಕ್ಕೆ ಬರುವುದಿಲ್ಲ.

ಆದರೂ ಆ ಬೀಳುವ ಜಾಗದಿಂದ ದೂರದಲ್ಲಿ ಗೆರೆ ಅಳತೆಗೆ ಸರಿಯಾಗಿಯೇ ಹೊಂದುತ್ತಿತ್ತು. ಅದನ್ನು ಸುಳ್ಳು ಎಂದು ನಾನು ಯಾವತ್ತೂ ಹೇಳಿಲ್ಲ. ಬದಲಾವಣೆಯ ಬಿಂದುವಿಗೆ ಹತ್ತಿರ ಬಂದ ಹಾಗೆ, ಕೊನೆಯ ಅರ್ಧ ಡಿಗ್ರಿಯಲ್ಲಿ, ಅಳತೆ ಒಂದು ಕಡೆ, ಗೆರೆ ಇನ್ನೊಂದು ಕಡೆ. ಸ್ಥಿತಿ ಬದಲಾವಣೆಯ ಸಿದ್ಧಾಂತ ಸ್ಥಿತಿ ಬದಲಾಗುವ ಜಾಗದಲ್ಲೇ ಕೈಕೊಡುತ್ತದೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎನ್ನುತ್ತಾರಲ್ಲ, ಹಾಗೆ.

ನಮ್ಮ ಲ್ಯಾಬಿನಲ್ಲಿ ಇದಕ್ಕೊಂದು ಪರಿಹಾರ ಇತ್ತು. ಹೊಸದಾಗಿ ಸೇರಿದ ತಿಂಗಳಲ್ಲೇ ನನ್ನ ಸೀನಿಯರ್ ಅದನ್ನು ಹೇಳಿಕೊಟ್ಟ. ಆತ ಆಗ ತನ್ನ ಪ್ರಬಂಧ ಮುಗಿಸುತ್ತಿದ್ದ, ಸಾಧು ಮನುಷ್ಯ. "ಗ್ರಾಫ್ ಹಾಕೋ ಮುಂಚೆ ತೊಟ್ಟು ಮುರಿದುಬಿಡು. ಇಲ್ಲಾಂದ್ರೆ ಸರ್ ವಾಪಸ್ ಕೊಡ್ತಾರೆ" ಎಂದ. ಏನು ತೊಟ್ಟು ಎಂದೆ. ಕೊನೆಯ ಅರ್ಧ ಡಿಗ್ರಿಯ ಚುಕ್ಕೆಗಳ ಮೇಲೆ ಬೆರಳಿಟ್ಟು ತೋರಿಸಿದ.

ಮಾತು ಗೈಡ್ ಅವರದ್ದೇ. ಅವರು ಐವತ್ತು ದಾಟಿದವರು, ಇಸ್ತ್ರಿ ಮಾಡಿದ ಬಿಳಿ ಶರ್ಟು, ತುಂಬಿದ ನಗು, ಊರಿಗೆಲ್ಲ ಬೇಕಾದ ಮನುಷ್ಯ. ಯಾರ ಮನೆಯ ಗೃಹಪ್ರವೇಶವಿರಲಿ, ನಾಮಕರಣವಿರಲಿ, ಮೊದಲ ಪಂಕ್ತಿಯಲ್ಲಿ ಇರುತ್ತಿದ್ದರು. ಅವರ ಬಗ್ಗೆ ಕೆಟ್ಟ ಮಾತಾಡುವವರು ಇಡೀ ಶಿವಮೊಗ್ಗದಲ್ಲಿ ನಾನೊಬ್ಬಳೇ ಇದ್ದೆನೇನೋ. ಊಟವಾದ ಮೇಲೆ ಮೇಜಿನ ಮೇಲೆ ತಟ್ಟೆ ಇಟ್ಟುಕೊಂಡು, ವೀಳ್ಯದೆಲೆಯನ್ನು ತೊಡೆಯ ಮೇಲೆ ಒರೆಸಿ, ತೊಟ್ಟು ಮುರಿದು, ತುದಿ ಚಿವುಟಿ, ಸುಣ್ಣ ಸವರುತ್ತಿದ್ದರು. ಯಾರೋ ಹಳೆಯ ವಿದ್ಯಾರ್ಥಿ ಆ ಚುಕ್ಕೆಗಳ ಬಗ್ಗೆ ಕೇಳಿದಾಗ ಎಲೆ ತೋರಿಸಿ "ತೊಟ್ಟು ತುದಿ ಸಮೇತ ಯಾರಾದ್ರೂ ಎಲೆ ತಿಂತಾರೇನೋ?" ಎಂದಿದ್ದರಂತೆ. ಅಲ್ಲಿಂದ ಅದು ಲ್ಯಾಬಿನ ಪದ್ಧತಿಯಾಯಿತು. ಹಿರಿಯರು ಮಾಡಿದ್ದು ಎಂದು ಪ್ರಶ್ನೆ ಕೇಳದೆ ಮುಂದುವರಿಸುವುದರಲ್ಲಿ ನಾವು ಎತ್ತಿದ ಕೈ. ವಿಜ್ಞಾನದ ಲ್ಯಾಬಿಗೂ ಅಡುಗೆ ಮನೆಯ ಮಡಿಗೂ ಅಷ್ಟರ ಮಟ್ಟಿಗೆ ವ್ಯತ್ಯಾಸವಿರಲಿಲ್ಲ.

ಹಳಬರ ಅಳತೆಗಳಲ್ಲಿ ಆ ಅರ್ಧ ಡಿಗ್ರಿ ನಿಜವಾಗಿಯೂ ಗಲೀಜಾಗಿತ್ತು. ಅವರ ಹೀಟರ್ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಕಾಯುತ್ತಿತ್ತು. ಅದಕ್ಕೇ ನಾನು ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ದಪ್ಪ ತಾಮ್ರದ ಗಟ್ಟಿಯನ್ನು ಲೇತಿಗೆ ಕೊಟ್ಟು ಕೊರೆಸಿದೆ. ನಡುವಿನ ತೂತಿನಲ್ಲಿ ಸ್ಯಾಂಪಲ್ಲು ಕೂರುವ ಹಾಗೆ, ಸುತ್ತಲೂ ಶಾಖ ಸಮನಾಗಿ ಬರುವ ಹಾಗೆ. ತೂಕ ಎಷ್ಟಿತ್ತೆಂದರೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದವಳಿಗೆ ಶಿವಮೊಗ್ಗ ಬರುವಷ್ಟರಲ್ಲಿ ಕಾಲು ಮರಗಟ್ಟಿತ್ತು. ಕಂಡಕ್ಟರ್ "ಏನಮ್ಮಾ, ಒಳಗೆ ಬಾಂಬಾ?" ಎಂದು ನಕ್ಕ.

ಆ ಗಟ್ಟಿ ಕಾಯುವುದು ನಿಧಾನ, ಆರುವುದು ಇನ್ನೂ ನಿಧಾನ. ಕರೆಂಟು ಹೋದರೆ ಅವತ್ತಿನ ಕೆಲಸ ಅಷ್ಟೂ ನೀರಿನಲ್ಲಿ ಹೋಮ, ಮೊದಲಿನಿಂದ ಶುರು. ಕರೆಂಟು ಹೋಗದ ಮಧ್ಯಾಹ್ನ ಶಿವಮೊಗ್ಗದಲ್ಲಿ ಎಷ್ಟು ಸಿಗುತ್ತಿತ್ತು? ಕೊನೆಗೆ ಸಿಕ್ಕ ಒಂದು ದಿನ, ಆ ಅರ್ಧ ಡಿಗ್ರಿಯನ್ನು ನಾನು ಇಂಚಿಂಚಾಗಿ ದಾಟಿದೆ. ಗಲೀಜು ಇರಲೇ ಇಲ್ಲ. ಚುಕ್ಕೆಗಳು ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ ಕೂತವು, ಸಿದ್ಧಾಂತದ ಗೆರೆಯನ್ನು ಬಿಟ್ಟು ತಮ್ಮದೇ ದಾರಿಯಲ್ಲಿ ಕೆಳಗಿಳಿದವು. ಬಿಂದು ದಾಟಿದ ಮೇಲೆ ತಿಳಿಯಾದ ದ್ರವಕ್ಕೆ ಲೇಸರ್ ಬಿಟ್ಟು ಪಕ್ಕಕ್ಕೆ ಚೆಲ್ಲುವ ಬೆಳಕನ್ನು ಅಳೆದೆ. ನಮ್ಮ ಸಿದ್ಧಾಂತದ ಪ್ರಕಾರ ಅಲ್ಲಿ ಶಿಸ್ತಿನ ಸುಳಿವೇ ಇರಬಾರದು. ಆದರೆ ಆರುತ್ತ ಆರುತ್ತ ಬಿಂದುವಿನ ಹತ್ತಿರ ಬಂದ ಹಾಗೆ ಮೀಟರಿನ ಮುಳ್ಳು ಮೇಲೇರಿತು. ಕಣ್ಣಿಗೆ ತಿಳಿನೀರು, ಒಳಗೆ ಅಲ್ಲೊಂದು ಇಲ್ಲೊಂದು ಗುಂಪು ಕಟ್ಟಿಕೊಳ್ಳುತ್ತಿದೆ, ಚದುರುತ್ತಿದೆ, ಮತ್ತೆ ಕಟ್ಟಿಕೊಳ್ಳುತ್ತಿದೆ. ಪಕ್ಕದವರು ಪಕ್ಕದವರನ್ನು ನೋಡುತ್ತಿದ್ದಾರೆ! ನನಗೆ ಆದ ಸಂತೋಷ ಹೇಳತೀರದು. ಮದುವೆಯಾದಾಗಲೂ ನನಗೆ ಅಷ್ಟು ಸಂತೋಷ ಆಗಲಿಲ್ಲ, ಬೇಕಾದರೆ ನನ್ನ ಗಂಡನನ್ನೇ ಕೇಳಿ.

ಇದನ್ನು ನಾನೇ ಮೊದಲು ಕಂಡುಹಿಡಿದೆ ಎಂದು ಹೇಳುತ್ತಿಲ್ಲ. ಬೆಂಗಳೂರಿನ ಒಂದು ಗ್ರಂಥಾಲಯದಲ್ಲಿ ಕೂತು ಓದಿದಾಗ ಗೊತ್ತಾಯಿತು, ಸರಾಸರಿಯವರ ಈ ಕುರುಡುತನ ನಾನು ಶಾಲೆಗೆ ಹೋಗುವ ಕಾಲದಲ್ಲೇ ಜಗತ್ತಿಗೆಲ್ಲ ತಿಳಿದಿತ್ತು. ಅದನ್ನು ದಾಟುವ ಬೇರೆ ಸಿದ್ಧಾಂತಗಳೂ ಬಂದಿದ್ದವು. ಅವೂ ಪೂರ್ತಿಯಲ್ಲ. ಬಿಂದುವಿನ ಹತ್ತಿರ ಹೇಗೆ ನಡೆದುಕೊಳ್ಳುತ್ತದೆ ಎಂದು ಹೇಳುತ್ತವೆ, ಆ ಬಿಂದು ಎಷ್ಟು ಡಿಗ್ರಿಗೆ ಬರುತ್ತದೆ ಎಂದು ಕೇಳಿದರೆ ಬಾಯಿಗೆ ಬೀಗ. ಅದಕ್ಕೆ ಬಿಸಿ ಮಾಡಿಯೇ ನೋಡಬೇಕು. ಇರಲಿ, ಅವು ತಮ್ಮ ಮಿತಿಯನ್ನಾದರೂ ಒಪ್ಪಿಕೊಂಡಿದ್ದವು. ಆ ಸುದ್ದಿ ತುಂಗಾ ಸೇತುವೆ ದಾಟಿ ನಮ್ಮ ಲ್ಯಾಬಿಗೆ ಮಾತ್ರ ಬಂದಿರಲಿಲ್ಲ. ನನಗೆ ಬೇಕಾಗಿದ್ದು ಒಂದೇ. ನನ್ನ ಪ್ರಬಂಧದಲ್ಲಿ ಆ ಅರ್ಧ ಡಿಗ್ರಿ ಇರಬೇಕು, ಅದನ್ನು ಯಾಕೆ ಬಿಟ್ಟಿದ್ದೆವು ಎಂಬ ಮಾತೂ ಇರಬೇಕು.

ಗೈಡ್ ಗ್ರಾಫನ್ನು ನೋಡಿದರು. ಎಲೆ ಮಡಚುತ್ತಲೇ "ಸ್ಯಾಂಪಲ್ ಶುದ್ಧ ಇಲ್ಲ ಮಾರಾಯ್ತಿ" ಎಂದರು. ಮತ್ತೆ ಶುದ್ಧ ಮಾಡಿ ಅಳೆದೆ, ಅದೇ ಬಂತು. "ತಾಮ್ರದ ಗಟ್ಟಿ ಸರಿ ಇಲ್ಲ" ಎಂದರು. ಗಟ್ಟಿಯ ನಾಲ್ಕು ಮೂಲೆಯಲ್ಲೂ ಉಷ್ಣತೆ ಅಳೆದು ತೋರಿಸಿದೆ. "ನೀನು ಗಾಬರಿ ಹುಡುಗಿ, ಕೈ ನಡುಗುತ್ತೆ" ಎಂದರು. ನನ್ನ ಕೈ ನಡುಗಿದರೆ ಚುಕ್ಕೆಗಳು ಮೇಲೆ ಕೆಳಗೆ ಚೆದುರಬೇಕು, ಎಲ್ಲವೂ ಒಂದೇ ಕಡೆ ಯಾಕೆ ಹೋಗುತ್ತವೆ ಸರ್ ಎಂದೆ. ಆಗ ನಗು ಹೋಯಿತು. "ಹದಿನೈದು ವರ್ಷದಿಂದ ಇಲ್ಲಿ ಎಲ್ಲರೂ ಮಾಡಿರೋದು ತಪ್ಪು, ನೀನು ಬಂದು ತಿದ್ದಬೇಕಾ? ತೊಟ್ಟು ಮುರಿದು ತಾ. ಸೈನ್ ಹಾಕ್ತೀನಿ." ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯ ಕಾಲು ತೋರಿಸಿದರೆ ಅದನ್ನೂ ಮುರಿಯುವ ಜನ.

ಮುರಿಯುವುದಿಲ್ಲ ಎಂದೆ. ಸೈನ್ ಬರಲಿಲ್ಲ. ಅವರು ನನ್ನನ್ನು ಬೈಯಲಿಲ್ಲ, ಹೊರಗೆ ಹಾಕಲಿಲ್ಲ. ಸಿಕ್ಕಾಗಲೆಲ್ಲ "ಏನಮ್ಮಾ, ಆರಾಮಾ? ಅಮ್ಮ ಹೇಗಿದಾರೆ?" ಎಂದು ಕೇಳಿ ಮುಂದೆ ಹೋಗುತ್ತಿದ್ದರು. ನನಗೆ ಬೈಗುಳವಾದರೂ ಬೇಕಿತ್ತು.

ಆ ದಿನಗಳಲ್ಲೇ ಒಂದು ಪ್ರಸಂಗ ನಡೆಯಿತು. ಅವತ್ತು ಹೇಗಾದರೂ ಮಾತಾಡಿಯೇ ತೀರಬೇಕೆಂದು ಅವರ ಬೆನ್ನು ಬಿದ್ದಿದ್ದೆ. ಎಲೆ ತರಬೇಕು, ನಡೀತಾ ಮಾತಾಡೋಣ ಎಂದು ಗಾಂಧಿ ಬಜಾರಿಗೆ ಕರೆದುಕೊಂಡು ಹೊರಟರು. ಆ ವಾರ ಊರು ಸರಿ ಇರಲಿಲ್ಲ. ಎಲ್ಲೋ ಏನೋ ಸಣ್ಣ ಗಲಾಟೆಯಾಗಿ, ಜನ ಕಿವಿ ನಿಮಿರಿಸಿಕೊಂಡು ಓಡಾಡುತ್ತಿದ್ದರು. ನಮ್ಮ ಕಣ್ಣೆದುರೇ ಒಂದು ಬಟ್ಟೆ ಅಂಗಡಿಯವನು ಹಾಡಹಗಲೇ ಷಟರ್ ಎಳೆದ. ಪಕ್ಕದ ಪಾತ್ರೆ ಅಂಗಡಿಯವನು ಕತ್ತು ಚಾಚಿ ಅವನನ್ನು ನೋಡಿ ತಾನೂ ಎಳೆದ. ಅವನನ್ನು ನೋಡಿ ಎದುರಿನವನು ಎಳೆದ. ಧಡ ಧಡ ಎಂದು ಸದ್ದು ಬೀದಿಯ ಉದ್ದಕ್ಕೂ ಓಡಿತು. ಹೂವಿನವಳು ಬುಟ್ಟಿ ಎತ್ತಿಕೊಂಡು ಓಡಿದಳು. ಗೈಡ್ ನನ್ನ ತೋಳು ಹಿಡಿದು ಎಳೆದರು. "ನಡಿ ನಡಿ, ಏನೋ ಆಗಿದೆ!"

"ಏನಾಗಿದೆ ಸರ್? ಯಾರು ಹೇಳಿದ್ರು?"

"ಎಲ್ರೂ ಮುಚ್ತಿದಾರಲ್ಲ, ಕಾಣಲ್ವಾ ನಿಂಗೆ!"

ಆಗಿದ್ದು ಏನೂ ಇಲ್ಲ ಎಂದು ಮಾರನೆಯ ದಿನ ಗೊತ್ತಾಯಿತು. ಬಟ್ಟೆ ಅಂಗಡಿಯವನ ಅಕ್ಕನ ಅತ್ತೆ ಆಯನೂರಿನಲ್ಲಿ ತೀರಿಕೊಂಡಿದ್ದರು, ಮಣ್ಣಿಗೆ ಹೋಗಬೇಕೆಂದು ಅವನು ಬಾಗಿಲು ಹಾಕಿದ್ದ. ಒಬ್ಬ ಮುದುಕಿಯ ಸಾವಿಗೆ ಇಡೀ ಗಾಂಧಿ ಬಜಾರು ಬಾಗಿಲು ಮುಚ್ಚಿತ್ತು. ಬೇರೆ ವಾರವಾಗಿದ್ದರೆ ಆ ಷಟರ್ ಬಿದ್ದದ್ದನ್ನು ಪಕ್ಕದವನು ತಲೆ ಎತ್ತಿ ನೋಡುತ್ತಲೂ ಇರಲಿಲ್ಲ. ಊರು ಅಂಚಿಗೆ ಬಂದು ನಿಂತಿತ್ತು, ಅದಕ್ಕೇ ಒಬ್ಬನದ್ದು ಎಲ್ಲರಿಗೂ ಹಬ್ಬಿತು.

ನಾನು ನೇರ ಅವರ ಕೋಣೆಗೆ ಹೋಗಿ "ಸರ್, ನಿನ್ನೆ ಊರಿನ ಸರಾಸರಿ ನೋಡಿ ಬಾಗಿಲು ಹಾಕಿದವನು ಒಬ್ಬನಾದ್ರೂ ಇದ್ನಾ?" ಎಂದು ಕೇಳಿದೆ. ಅವರಿಗೆ ತಕ್ಷಣ ಅರ್ಥವಾಯಿತು. ಬುದ್ಧಿವಂತರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. "ಅಂಗಡಿ ಬೇರೆ, ಅಣು ಬೇರೆ. ಬಾಯಿ ಇದೆ ಅಂತ ಏನು ಬೇಕಾದ್ರೂ ಮಾತಾಡಬೇಡ" ಎಂದರು. ಮಾತು ಸರಿಯೇ, ಅಂಗಡಿ ಅಣುವಲ್ಲ. ಆದರೆ ನನ್ನ ಗ್ರಾಫಿನಲ್ಲಿದ್ದದ್ದು ಅಣುಗಳೇ. ಅದನ್ನು ನೋಡಿ ಎಂದರೆ ಅವರು ಕಿಟಕಿಯ ಹೊರಗೆ ನೋಡಿದರು.

ವರ್ಷ ಉರುಳಿತು. ಸೀನಿಯರ್ ತೊಟ್ಟು ಮುರಿದು ಡಾಕ್ಟರ್ ಆಗಿ, ಒಂದು ಕಾಲೇಜಿನಲ್ಲಿ ಕೆಲಸ ಹಿಡಿದ. ಅಮ್ಮನ ಕಡೆಯ ನೆಂಟರು ಬಂದಾಗಲೆಲ್ಲ "ಇನ್ನೂ ಬಿಸಿ ಆಗಿಲ್ವೇನೇ ನಿಂದು?" ಎಂದು ಕೇಳಿ ನಗುತ್ತಿದ್ದರು. ನನ್ನ ನೋಂದಣಿಯ ಅವಧಿ ಮುಗಿಯುತ್ತ ಬಂದಿತ್ತು. ಆಗ ಗೈಡ್ ಯಾವುದೋ ದೊಡ್ಡ ಸಮ್ಮೇಳನಕ್ಕೆಂದು ಉತ್ತರದ ಕಡೆ ಹೋದರು. ಅಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ, ಆದರೆ ಊಹಿಸಬಲ್ಲೆ. ಅಲ್ಲಿ ಎಲ್ಲರೂ ಆ ಅರ್ಧ ಡಿಗ್ರಿಯ ಬಗ್ಗೆಯೇ ಮಾತಾಡುತ್ತಿದ್ದಿರಬೇಕು. ವಾಪಸ್ ಬಂದವರೇ ನನ್ನನ್ನು ಕರೆಸಿದರು. "ಆ ಕೊನೇ ಭಾಗ ಇದೆಯಲ್ಲ, ಹಾಕು. ಪ್ರತ್ಯೇಕ ಅಧ್ಯಾಯ ಮಾಡು. ಸಿದ್ಧಾಂತದ ಮಿತಿಗಳು ಅಂತ ಹೆಸರಿಡು. ಬೇಗ ತಾ, ಸೈನ್ ಹಾಕ್ತೀನಿ." ಹಿಂದೆ ಆಡಿದ್ದರ ಬಗ್ಗೆ ಒಂದಕ್ಷರವಿಲ್ಲ. ಯಾಕೆ ಬಿಟ್ಟಿದ್ದೆವು ಎಂದು ಬರೆಯಲಾ ಸರ್ ಎಂದೆ. "ಅದೆಲ್ಲ ಯಾಕೆ ಈಗ, ಹಳೇ ರಾಮಾಯಣ" ಎಂದರು. ಅರ್ಧ ಸಿಕ್ಕಿತು, ಅಷ್ಟಾದರೂ ಸಿಕ್ಕಿತಲ್ಲ ಎಂದು ನಾನು ಬಾಯಿ ಮುಚ್ಚಿಕೊಂಡು ಬರೆದೆ. ಗೆದ್ದೆ ಎಂದೇ ಅಂದುಕೊಂಡಿದ್ದೆ.

ವೈವಾ ಎಂದರೆ ನಮ್ಮ ಕಡೆ ಅರ್ಧ ಪರೀಕ್ಷೆ, ಅರ್ಧ ಮದುವೆ. ಅಭ್ಯರ್ಥಿ ಪಾಸಾಗುವುದಕ್ಕೆ ಮೊದಲೇ ಊಟ ಹೇಳಿಸಿ ಆಗಿರುತ್ತದೆ. ಕೇಸರಿಬಾತಿನ ವಾಸನೆ ಸಭಾಂಗಣದೊಳಗೇ ಬರುತ್ತಿತ್ತು. ಅಮ್ಮ ತನ್ನ ಒಳ್ಳೆಯ ಸೀರೆ ಉಟ್ಟು, ವಠಾರದ ಇಬ್ಬರು ಹೆಂಗಸರನ್ನೂ ಕರೆದುಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಹೊರಗಿನಿಂದ ಬಂದ ಪರೀಕ್ಷಕರು ಉತ್ತರದವರು, ಕನ್ನಡದ ಗಂಧವಿಲ್ಲ. ಎಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಉಳಿದ ಅಧ್ಯಾಯಗಳ ಪುಟ ಸರಸರನೆ ತಿರುವಿದ ಅವರು ಮಿತಿಗಳ ಅಧ್ಯಾಯದಲ್ಲಿ ನಿಂತರು. ಬಹಳ ಹೊತ್ತು ಪ್ರಶ್ನೆ ಕೇಳಿದರು, ನಾನು ಉತ್ತರ ಹೇಳಿದೆ. ಕೊನೆಗೆ ಕನ್ನಡಕ ತೆಗೆದು, ಈ ಜಾಗದ ಅಳತೆಗಳನ್ನು ಎಷ್ಟೋ ಜನ ಬಿಸಾಡುತ್ತಾರೆ, ಇಟ್ಟುಕೊಳ್ಳಬೇಕೆಂದು ನಿಮ್ಮಲ್ಲಿ ತೀರ್ಮಾನ ಮಾಡಿದವರು ಯಾರು ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಕುರ್ಚಿಯಿಂದ ಗೈಡ್ ಎದ್ದರು. ಸಭೆಯ ಕಡೆ ತಿರುಗಿ, ಒಳ್ಳೆಯ ಇಂಗ್ಲಿಷಿನಲ್ಲಿ, ನನ್ನ ವಿದ್ಯಾರ್ಥಿಗಳಿಗೆ ನಾನು ಮೊದಲಿನಿಂದ ಹೇಳುವುದು ಒಂದೇ ಮಾತು, ಸಿದ್ಧಾಂತ ಸೋಲುವ ಜಾಗವನ್ನು ಮಾತ್ರ ಬಿಡಬೇಡಿ, ಸತ್ಯ ಇರುವುದು ಅಲ್ಲೇ ಎಂದರು. ಚಪ್ಪಾಳೆ ಬಿತ್ತು. ಎರಡನೆಯ ಸಾಲಿನಲ್ಲಿ ನನ್ನ ಸೀನಿಯರ್ ಕೂತಿದ್ದ. ಅವನೂ ತಟ್ಟಿದ, ತಲೆ ತಗ್ಗಿಸಿಕೊಂಡು.

ನನಗೆ ಕೋಪ ಬಂದರೆ ಇಂಗ್ಲಿಷ್ ಬರುವುದಿಲ್ಲ. "ಸುಳ್ಳು ಹೇಳ್ತಿದೀರಿ ಸರ್" ಎಂದೆ. ಮೈಕು ಮುಂದೆಯೇ ಇತ್ತು. "ಬಿಸಾಡು ಅಂದೋರು ನೀವೇ. ನಾಚಿಕೆ ಆಗಲ್ವಾ ನಿಮಗೆ?"

ಅಲ್ಲಿದ್ದ ಪ್ರತಿಯೊಬ್ಬರಿಗೂ ಅರ್ಥವಾಗಿತ್ತು, ಪರೀಕ್ಷಕರೊಬ್ಬರನ್ನು ಬಿಟ್ಟು. ಅವರು ನಗುಮುಖದಲ್ಲಿ ಗೈಡ್ ಕಡೆ ತಿರುಗಿ, ಏನು ಹೇಳುತ್ತಿದ್ದಾಳೆ ಎಂದು ಕೇಳಿದರು. ಗೈಡ್ ಕಣ್ಣು ಮಿಟುಕಿಸಲಿಲ್ಲ. ಧನ್ಯವಾದ ಹೇಳುತ್ತಿದ್ದಾಳೆ, ಹುಡುಗಿ ಭಾವುಕಳಾಗಿದ್ದಾಳೆ ಎಂದರು. ಪರೀಕ್ಷಕರೇ ಮೊದಲು ಚಪ್ಪಾಳೆ ಶುರು ಮಾಡಿದರು. ಅವರು ತಟ್ಟಿದ್ದನ್ನು ನೋಡಿ ಉಳಿದವರೂ ತಟ್ಟಿದರು. ಇಲ್ಲ ಸಾರ್, ನಾನು ಹೇಳಿದ್ದು ಅದಲ್ಲ ಎಂದು ಇಂಗ್ಲಿಷಿನಲ್ಲಿ ಕೂಗಿದೆ. ಅಷ್ಟರಲ್ಲಿ ಅಧ್ಯಕ್ಷರು ಎದ್ದು ಫಲಿತಾಂಶ ಓದಿಬಿಟ್ಟಿದ್ದರು, ನನ್ನ ಕೈಗೆ ಯಾರೋ ಹೂವಿನ ಗುಚ್ಛ ತುರುಕಿದರು, ಜನ ಊಟಕ್ಕೆ ಎದ್ದರು. ಯಾರೂ ನನ್ನ ಮುಖ ನೋಡಲಿಲ್ಲ.

ಅಮ್ಮ ಎಲ್ಲಿ ಎಂದು ಹುಡುಕುತ್ತ ಊಟದ ಕಡೆ ಹೋದೆ. ಅವಳಿಗೆ ಅವತ್ತು ಇಡೀ ಬೆಳಿಗ್ಗೆ ಒಂದು ಮಾತೂ ಅರ್ಥವಾಗಿರಲಿಲ್ಲ. ಅರ್ಥವಾದದ್ದು ಮಗಳ ಕನ್ನಡ ಮಾತು ಮಾತ್ರ. ಗುರುಗಳನ್ನು ಹಿಡಿದು ಮಗಳು ಸುಳ್ಳ ಎಂದಳು, ನಾಚಿಕೆ ಆಗಲ್ವಾ ಎಂದಳು, ಅದೂ ಅಷ್ಟು ಜನರ ಎದುರು. ಅಷ್ಟನ್ನು ಮಾತ್ರ ಅವಳು ಕೇಳಿಸಿಕೊಂಡಿದ್ದಳು. ನಾನು ನೋಡಿದಾಗ ಗೈಡ್ ತಟ್ಟೆ ಹಿಡಿದು ನಿಂತಿದ್ದರು, ಅಮ್ಮ ಅವರ ಮುಂದೆ ಸೊಂಟ ಬಗ್ಗಿಸಿ ಎರಡೂ ಕೈ ಮುಗಿದಿದ್ದಳು.

"ಅಪ್ಪ ಇಲ್ಲದ ಮಗು ಸ್ವಾಮಿ, ಬಾಯಿ ಜಾಸ್ತಿ. ಗುರುವಿಗೇ ತಿರುಮಂತ್ರ ಹಾಕಿದ್ಲು. ಅವಳ ಪರವಾಗಿ ನಾನು ತಪ್ಪಾಯ್ತು ಅಂತೀನಿ, ಮನಸ್ಸಿಗೆ ಹಚ್ಕೋಬೇಡಿ."

"ಅಯ್ಯೋ ಬಿಡಿ ಅಮ್ಮ, ಕೈ ಇಳಿಸಿ" ಎಂದರು ಅವರು, ಸುತ್ತಲಿದ್ದವರಿಗೆಲ್ಲ ಕೇಳುವ ಹಾಗೆ. "ನನ್ನ ಮಗಳಿದ್ದ ಹಾಗೆ ಅವಳು. ನಾನು ಆಗ್ಲೇ ಕ್ಷಮಿಸಿಬಿಟ್ಟೆ."

ಅಮ್ಮ ಕಣ್ಣೊರೆಸಿಕೊಂಡು, ನನ್ನ ಕಡೆ ತಿರುಗಿ, ಎಂಥಾ ದೊಡ್ಡ ಮನುಷ್ಯರು ನೋಡು ಎಂದಳು.